ಬಲೆಯ ಸೀಸದ ಗುಂಡಿನ ಲೇಪ ಕೆಟ್ಟರೆ: ಲಕ್ಷಣ ನೋಡಿ ಕಾರಣ ಹುಡುಕುವ ಕ್ರಮ

ಕಲಬುರಗಿ ಜಿಲ್ಲೆಯ ಭೀಮಾ ದಂಡೆಯಲ್ಲಿ ನನ್ನ ಸೋದರಮಾವನ ಮನೆಯಿದೆ. ಬೀಸುಬಲೆಯ ಅಂಚಿಗೆ ಪೋಣಿಸುವ ಸೀಸದ ಗುಂಡುಗಳನ್ನು ಆ ಮನೆಯವರು ಮೊದಲಿನಿಂದಲೂ ತಾವೇ ಎರಕ ಹೊಯ್ದುಕೊಳ್ಳುತ್ತಾರೆ. ಒಂದು ಘನ ಸೆಂಟಿಮೀಟರಿಗೆ 11.34 ಗ್ರಾಂ ತೂಗುವ ಸೀಸವು 327.5 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಸಾಮಾನ್ಯ ಒಲೆಗೂ ಬಗ್ಗುತ್ತದೆ. ಬಲೆಯನ್ನು ಸರ್ರನೆ ತಳಕ್ಕೆ ಒಯ್ಯುವುದರಲ್ಲಿ ಅದಕ್ಕೆ ಸಾಟಿಯಾದ ಅಗ್ಗದ ಲೋಹ ಬೇರೊಂದಿಲ್ಲ. ಆದರೆ ಸೀಸ ವಿಷ; ಬರಿಯ ಸೀಸವು ಬಲೆಯ ದಾರಕ್ಕೆ, ಹಿಡಿದ ಕೈಗೆ, ಬಲೆ ಒಣಹಾಕಿದ ಅಂಗಳದಲ್ಲಿ ಆಡುವ ಮಕ್ಕಳ ಬೆರಳಿಗೆ ಹತ್ತುತ್ತದೆ. ಇದನ್ನು ತಡೆಯಲೆಂದು ನಾನು ಗುಂಡಿಗೆ ಲೇಪ ಹಾಕಲು ಕುಳಿತಾಗ ಮಾವ, "ಅಳಿಯಾ, ಗುಂಡಿಗಿ ಬಣ್ಣ ಯಾಕ? ಮೀನಿನ ಮದುವಿ ಅದಾ ಏನ್?" ಎಂದು ನಕ್ಕಿದ್ದರು. ಮೊದಲ ಬಾರಿ ಹಾಕಿದ ಲೇಪವೆಲ್ಲ ಒಂದೇ ದಿನದ ಮೀನುಗಾರಿಕೆಯಲ್ಲಿ ಸುಲಿದುಹೋದಾಗ ಅವರ ನಗೆಗೆ ಇನ್ನಷ್ಟು ಬಲ ಬಂತು. ಆಮೇಲೆ ಒಂದೊಂದಾಗಿ ಕಂಡುಕೊಂಡ ಕಾರಣಗಳನ್ನು ಲಕ್ಷಣಗಳ ಪ್ರಕಾರ ಇಲ್ಲಿ ಜೋಡಿಸಿದ್ದೇನೆ.

ಇಲ್ಲಿ ಗುಂಡು ಎಂದರೆ ಬಲೆಯ ಗುಂಡು ಮಾತ್ರ. ಬಂದೂಕಿನ ಮದ್ದುಗುಂಡನ್ನು ಪರವಾನಗಿಯಿಲ್ಲದೆ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಅಪರಾಧವಾಗಿದ್ದು, ಅದಕ್ಕೂ ಈ ಬರಹಕ್ಕೂ ಸಂಬಂಧವಿಲ್ಲ.

ನಾನು ಹೋಲಿಸಿ ನೋಡಿದ ವಿಧಾನಗಳು ಐದು. ಹರಿಗೋಲಿಗೆ ಬಳಿದು ಉಳಿದ ಡಾಂಬರನ್ನೇ ಗುಂಡಿಗೂ ಬಳಿಯುವುದು ಎಲ್ಲಕ್ಕಿಂತ ಅಗ್ಗದ್ದು. ಎರಡನೆಯದು ಪ್ರೈಮರ್ ಹಚ್ಚಿ ಅದರ ಮೇಲೆ ಎನಾಮಲ್ ಅಥವಾ ಎರಡು ಡಬ್ಬಿಯ ಎಪಾಕ್ಸಿ ಬಣ್ಣವನ್ನು ಬ್ರಷ್ಷಿನಿಂದ ಬಳಿಯುವುದು. ಉಳಿದ ಮೂರೂ ಪೌಡರ್ ಬಣ್ಣದವು, ಅಂದರೆ ಬಿಸಿಗೆ ಕರಗಿ ಲೇಪವಾಗುವ ಒಣ ಪುಡಿಯವು: ಪುಡಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಂಡಿನೊಡನೆ ಕುಲುಕಿ ಹತ್ತಿಸಿ ಬೇಯಿಸುವುದು, ಬಿಸಿ ಮಾಡಿದ ಗುಂಡನ್ನು ಪುಡಿಯಲ್ಲಿ ಅದ್ದಿ ಬೇಯಿಸುವುದು, ಮತ್ತು ವಿದ್ಯುತ್ ಗನ್ನಿನಿಂದ ಪುಡಿಯನ್ನು ಸಿಂಪಡಿಸಿ ಬೇಯಿಸುವುದು. ಕೊನೆಯದಕ್ಕೆ ಕಲಬುರಗಿಯ ಕಪನೂರಿನಂಥ ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿಗೇ ಹೋಗಬೇಕಾಗುತ್ತದೆ. ಒಂದು ವಿಧಾನದಲ್ಲಿ ಬರುವ ದೋಷ ಇನ್ನೊಂದರಲ್ಲಿ ಬಾರದಿರಬಹುದು. ಆದ್ದರಿಂದ ಪ್ರತಿ ಲಕ್ಷಣದಲ್ಲಿಯೂ ಅದು ಯಾವ ವಿಧಾನಕ್ಕೆ ಸೇರಿದ್ದೆಂಬುದನ್ನು ಹೇಳಿದ್ದೇನೆ.

ಕೈ ಹಾಕುವ ಮುನ್ನ

ಸೀಸವು ಚರ್ಮದ ಮೂಲಕ ಮೈಯೊಳಗೆ ಹೋಗುವುದು ತೀರಾ ಕಡಿಮೆ. ಅದು ಹೋಗುವುದು ಬಾಯಿಯ ಮೂಲಕ ಮತ್ತು ಉಸಿರಿನ ಮೂಲಕ. ಹಾಗಾಗಿ ಗುಂಡು ಮುಟ್ಟಿದ ಕೈಯಲ್ಲಿ ರೊಟ್ಟಿ ಮುರಿಯಬಾರದು, ಎಲೆಯಡಿಕೆ ಹಾಕಿಕೊಳ್ಳಬಾರದು, ಬೀಡಿ ಹಚ್ಚಬಾರದು. ಸೀಳುಗುಂಡನ್ನು ದಾರಕ್ಕೆ ಬಿಗಿಯಲು ಹಲ್ಲಿನಿಂದ ಕಚ್ಚುವ ಅಭ್ಯಾಸವನ್ನಂತೂ ಇಂದೇ ಬಿಡಬೇಕು. ಲೇಪವನ್ನು ಒಣಗಿದಂತೆಯೇ ಉಜ್ಜಿ ತೆಗೆಯಬಾರದು. ನೀರಿನಲ್ಲಿ ನೆನೆಸಿಟ್ಟು, ಒದ್ದೆಯಾಗಿಯೇ ಉಜ್ಜಬೇಕು. ನೆಲವನ್ನು ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಬಾಯಿಗೆ ಕಟ್ಟಿದ ಟವೆಲ್ಲು ಸೀಸದ ಧೂಳನ್ನು ತಡೆಯುವುದಿಲ್ಲ. ಅದಕ್ಕೆ ಪಿ-100 ದರ್ಜೆಯ ಸೋಸುಕ ಹಾಕಿದ ಮುಖವಾಡವೇ ಬೇಕು. ಗರ್ಭಿಣಿಯರೂ ಮಕ್ಕಳೂ ಆ ಜಾಗದ ಹತ್ತಿರ ಸುಳಿಯಬಾರದು, ಮತ್ತು ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆಯೊಡನೆ ಒಗೆಯಬಾರದು.

ಬೇಯಿಸಲು ಬಳಸುವ ಓವನ್ನು ಮತ್ತೆಂದೂ ಅಡುಗೆಮನೆಗೆ ಮರಳಬಾರದು. ಪೌಡರ್ ಬಣ್ಣದ ನಯವಾದ ಧೂಳು ಗಾಳಿಯಲ್ಲಿ ತೇಲುತ್ತಿರುವಾಗ ಕಿಡಿ ತಗುಲಿದರೆ ಭಗ್ಗನೆ ಹೊತ್ತಿಕೊಳ್ಳುವುದರಿಂದ, ಪುಡಿ ಕುಲುಕುವ ಜಾಗದಲ್ಲಿ ಗ್ಯಾಸ್ ಒಲೆ ಉರಿಯುತ್ತಿರಬಾರದು.

ಲಕ್ಷಣ: ಲೇಪ ಹಾಕಿದ ಗುಂಡಿನಿಂದಲೂ ಕೈಗೆ ಬೂದು ಬಣ್ಣ ಹತ್ತುತ್ತದೆ

ಮೊದಲು ಮಾಡಬೇಕಾದ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಬಿಳಿಯ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಗುಂಡಿನ ಸುತ್ತ ಬಿಗಿಯಾಗಿ ಹತ್ತು ಸಲ ತಿರುಗಿಸಿ ನೋಡಬೇಕು. ಬಟ್ಟೆಗೆ ಬಂದದ್ದು ಲೇಪದ ಬಣ್ಣವೇ ಆಗಿದ್ದರೆ ಲೇಪ ಸರಿಯಾಗಿ ಬೆಂದಿಲ್ಲ ಅಥವಾ ಒಣಗಿಲ್ಲ ಎಂದರ್ಥ. ಪೆನ್ಸಿಲ್ಲಿನ ಗೀರಿನಂಥ ಬೂದು ಬಣ್ಣ ಬಂದರೆ ಅದು ಸೀಸವೇ. ಲೇಪ ಎಲ್ಲಿಯೋ ಬಾಯಿಬಿಟ್ಟಿದೆ. ಇಡೀ ಗುಂಡಿನಿಂದ ಬೂದು ಬಂದರೆ ಲೇಪ ತೀರ ತೆಳುವಾಗಿದೆ, ರಂಧ್ರದ ಬಾಯಿಯಿಂದ ಮಾತ್ರ ಬಂದರೆ ಅದು ಸವೆತದ ವಿಷಯ, ಅದನ್ನು ಮುಂದೆ ನೋಡೋಣ.

ಬ್ರಷ್ ಬಣ್ಣವಾದರೆ ಇನ್ನೊಂದು ಪದರ ಹಚ್ಚುವುದರಿಂದ ಇದು ಸರಿಹೋಗುತ್ತದೆ. ಪೌಡರ್ ಲೇಪದಲ್ಲಿ 60ರಿಂದ 80 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ದಪ್ಪವಿದ್ದರೆ ಸಾಕು. ಮಾಪಕವಿಲ್ಲದವರಿಗೆ ಒಂದು ಗುರುತು ಹೇಳುವುದಾದರೆ, ಗುಂಡಿನ ಉಬ್ಬಿದ ಕಡೆಯಲ್ಲಿ ಲೋಹದ ಮಸುಕು ನೆರಳು ಒಳಗಿನಿಂದ ಕಾಣುತ್ತಿದ್ದರೆ ದಪ್ಪ ಸಾಲದು, ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾಗಿದ್ದರೆ ಹೆಚ್ಚಾಯಿತು.

ಲಕ್ಷಣ: ಲೇಪವು ಸಿಪ್ಪೆಯಂತೆ ಸುಲಿದು ಬರುತ್ತದೆ

ನನ್ನ ಮೊದಲ ಗುಂಡುಗಳಿಗೆ ಆದದ್ದು ಇದೇ, ಮತ್ತು ಎಲ್ಲ ದೋಷಗಳಲ್ಲಿ ಇದೇ ಹೆಚ್ಚಾಗಿ ಕಾಣುವಂಥದ್ದು. ಸುಲಿದ ಚೂರಿನ ಒಳಮೈಯನ್ನು ಬೆಳಕಿಗೆ ಹಿಡಿದು ನೋಡುವುದು ಮೊದಲ ಕೆಲಸ. ಒಳಮೈ ನುಣುಪಾಗಿ, ಶುಭ್ರವಾಗಿದ್ದರೆ ಲೇಪವು ಲೋಹವನ್ನು ಹಿಡಿದುಕೊಂಡೇ ಇರಲಿಲ್ಲ. ನಡುವೆ ಎಣ್ಣೆಯ ಪದರವಿತ್ತು. ಒಳಮೈಗೆ ಕರಿಮಸಿ ಅಂಟಿದ್ದರೆ ಅದು ಅಚ್ಚಿಗೆ ಹಿಡಿಸಿದ ದೀಪದ ಮಸಿ. ಬೂದು ಅಥವಾ ಬಿಳಿ ಪುಡಿ ಅಂಟಿದ್ದರೆ ಲೇಪ ಹಾಕುವ ಮೊದಲೇ ಸೀಸದ ಮೈ ಕೆಟ್ಟಿತ್ತು.

ನಮ್ಮ ಕಡೆ ಈ ದೋಷಕ್ಕೆ ಒಂದು ಸ್ಥಳೀಯ ಕಾರಣವೂ ಇದೆ. ಎರಕ ಸಲೀಸಾಗಿ ಬಿಟ್ಟುಕೊಳ್ಳಲೆಂದು ಅಚ್ಚಿಗೆ ಮನೆಯಲ್ಲಿರುವ ಕುಸುಬೆ ಎಣ್ಣೆಯನ್ನೇ ಸವರುತ್ತಾರೆ. ಕುಸುಬೆ ಎಣ್ಣೆಯು ಗಾಳಿಗೆ ಒಣಗಿ ಪೊರೆಗಟ್ಟುವ ಜಾತಿಯದು. ಬಿಸಿ ತಗುಲಿದ ಮೇಲಂತೂ ಗುಂಡಿನ ಮೇಲೆ ಕಣ್ಣಿಗೆ ಕಾಣದ ಅರಗಿನಂತೆ ಕೂರುತ್ತದೆ, ಬರಿಯ ನೀರಿಗೆ ಬಗ್ಗುವುದಿಲ್ಲ. ಅದರ ಮೇಲೆ ಹಾಕಿದ ಲೇಪ ಅದನ್ನೇ ಹಿಡಿದುಕೊಂಡು, ಅದರೊಡನೆಯೇ ಎದ್ದು ಬರುತ್ತದೆ.

ಎಣ್ಣೆಯಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಲೇಪವಿಲ್ಲದ ಗುಂಡನ್ನು ಶುದ್ಧ ನೀರಿನಲ್ಲಿ ಅದ್ದಿ ಎತ್ತಬೇಕು. ನೀರು ಇಡೀ ಮೈಯನ್ನು ತೆಳು ಹಾಳೆಯಂತೆ ಮುಚ್ಚಿಕೊಂಡು ನಿಂತರೆ ಗುಂಡು ಸ್ವಚ್ಛವಾಗಿದೆ; ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಒಡೆದರೆ ಎಣ್ಣೆಯಿದೆ. ಪಾತ್ರೆ ತೊಳೆಯುವ ಸೋಪು ಹಾಕಿದ ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ, ಒಣಗಿಸಿ, ಕೊನೆಗೆ ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿದ ಮೇಲೆ ಗುಂಡನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಕೂಡ ಒಂದು ಹೆಬ್ಬೆರಳಿನ ಗಾತ್ರದ ಸುಲಿತಕ್ಕೆ ಸಾಕಾಗುತ್ತದೆ.

ತೊಳೆದ ಮೇಲೂ ಸುಲಿಯುತ್ತಿದ್ದರೆ ಹಿಡಿತವನ್ನೇ ಪರೀಕ್ಷಿಸಬೇಕು. ಹೊಸ ಬ್ಲೇಡಿನಿಂದ ಲೇಪದ ಮೇಲೆ ಎರಡು ಮಿಲಿಮೀಟರ್ ಅಂತರದಲ್ಲಿ ಅಡ್ಡ ಮತ್ತು ಉದ್ದ ಗೀರುಗಳನ್ನು ಹಾಕಿ, ಅಂಟುಪಟ್ಟಿ ಒತ್ತಿ, ತಟ್ಟನೆ ಕೀಳಬೇಕು. ಚೌಕಗಳು ಪಟ್ಟಿಯೊಡನೆ ಎದ್ದು ಬಂದರೆ ಆ ಲೇಪ ನಿಲ್ಲುವುದಿಲ್ಲ. ಸೀಸ ಮೆತ್ತಗಿರುವುದರಿಂದ ಇನ್ನೊಂದು ಒರಟು ಪರೀಕ್ಷೆಯೂ ಸಾಧ್ಯ: ಒಂದು ಗುಂಡನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ ನೋಡುವುದು. ಒಳ್ಳೆಯ ಪೌಡರ್ ಲೇಪ ಲೋಹದೊಡನೆ ತಾನೂ ಹಿಗ್ಗುತ್ತದೆ. ಎನಾಮಲ್ ಬಣ್ಣ ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸೋಲುತ್ತದೆ, ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಆದರೆ ಎನಾಮಲ್ಲನ್ನು ಪ್ರೈಮರ್ ಇಲ್ಲದೆ ನೇರವಾಗಿ ಹಚ್ಚಿದ್ದರೆ ಅದು ಮಾಡಿದವರ ದೋಷ. ಸೀಸದ ಮೇಲೆ ಎಪಾಕ್ಸಿ ಪ್ರೈಮರ್ ಹಿಡಿದಷ್ಟು ಬೇರಾವುದೂ ಹಿಡಿದದ್ದನ್ನು ನಾನು ಕಂಡಿಲ್ಲ.

ಲಕ್ಷಣ: ಗುಂಡಿಗೆ ಪುಡಿ ಹತ್ತುವುದೇ ಇಲ್ಲ, ಅಥವಾ ತೇಪೆತೇಪೆಯಾಗಿ ಹತ್ತುತ್ತದೆ

ಇದು ಕುಲುಕುವ ವಿಧಾನ ಮತ್ತು ಗನ್ನಿನ ವಿಧಾನಗಳ ತೊಂದರೆ. ಎರಡರಲ್ಲಿಯೂ ಪುಡಿಯನ್ನು ಗುಂಡಿಗೆ ಎಳೆದು ಹಿಡಿಯುವುದು ಸ್ಥಾಯಿ ವಿದ್ಯುತ್ತು. ಚಳಿಗಾಲದಲ್ಲಿ ನೈಲಾನ್ ಅಂಗಿ ಕಳಚುವಾಗ ಚಟಚಟ ಎನ್ನುತ್ತದಲ್ಲ, ಅದೇ ಶಕ್ತಿ.

ಮೊದಲು ಕ್ಯಾಲೆಂಡರ್ ನೋಡಬೇಕು. ಕಲಬುರಗಿ ಸೀಮೆಯಲ್ಲಿ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಗಾಳಿಯ ತೇವವು ಈ ವಿದ್ಯುತ್ತನ್ನು ನಿಲ್ಲಗೊಡುವುದಿಲ್ಲ. ಏಪ್ರಿಲ್ಲಿನ ಒಣ ಮಧ್ಯಾಹ್ನದಲ್ಲಿ ಐದು ನಿಮಿಷ ಕುಲುಕಿದರೆ ಹತ್ತುವ ಪುಡಿ ಸೆಪ್ಟೆಂಬರಿನ ಮುಂಜಾನೆ ಅರ್ಧ ಗಂಟೆ ಕುಲುಕಿದರೂ ಹತ್ತದೆ ಹೋದದ್ದಿದೆ. ಮಳೆಗಾಲದಲ್ಲಿ ಮಾಡಲೇಬೇಕಾದವರು ಗುಂಡುಗಳನ್ನೂ ಖಾಲಿ ಡಬ್ಬಿಯನ್ನೂ ಬಿಸಿಲಿಗಿಟ್ಟು ಒಣಗಿಸಿ, ಮಧ್ಯಾಹ್ನದ ಹೊತ್ತಿನಲ್ಲಿ ಕೆಲಸ ಮಾಡಬೇಕು.

ಎರಡನೆಯದು ಡಬ್ಬಿ. ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿಯಿರುವ ಪಾಲಿಪ್ರೊಪಿಲೀನ್ ಡಬ್ಬಿ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಸ್ಟೀಲ್ ಡಬ್ಬಿಯಲ್ಲಿ ವಿದ್ಯುತ್ತು ಉಳಿಯದು. ಜಾತ್ರೆಯಲ್ಲಿ ಮಕ್ಕಳ ಆಟದ ಪಿಸ್ತೂಲಿಗೆಂದು ಮಾರುವ ಆರು ಮಿಲಿಮೀಟರಿನ ಪ್ಲಾಸ್ಟಿಕ್ ಗೋಲಿಗಳನ್ನು ಒಂದು ಹಿಡಿ ಹಾಕಿಕೊಂಡರೆ ಉಜ್ಜಾಟ ಹೆಚ್ಚಿ ಪುಡಿ ಸಮನಾಗಿ ಹತ್ತುತ್ತದೆ. ಶರಣಬಸವೇಶ್ವರ ಜಾತ್ರೆಯಿಂದ ನಾನು ಗೋಲಿಗಳನ್ನು ಮಾತ್ರ ಕೊಂಡುತಂದಾಗ, ಪಿಸ್ತೂಲು ಎಲ್ಲಿ ಎಂದು ಮನೆಯ ಮಕ್ಕಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಸಮಾಧಾನಕರ ಉತ್ತರವಿರಲಿಲ್ಲ.

ಮೂರನೆಯದು ಪುಡಿಯೇ. ಅದು ಬೆರಳ ನಡುವೆ ಟಾಲ್ಕಮ್ ಪೌಡರಿನಂತೆ ಜಾರಬೇಕು. ಗಂಟುಗಟ್ಟಿದ್ದರೆ ತೇವ ಹೀರಿದೆ, ಅಥವಾ ಬೇಸಿಗೆಯಲ್ಲಿ ತಗಡಿನ ಛಾವಣಿಯ ಕೆಳಗಿದ್ದು ಬಿಸಿಗೆ ಕಣಕಣ ಅಂಟಿಕೊಂಡಿದೆ. ಹೊರಗೆ 43, 44 ಡಿಗ್ರಿ ಬಿಸಿಲಿರುವಾಗ ತಗಡಿನ ಮನೆಯ ಅಟ್ಟದಲ್ಲಿ ಪುಡಿ ಇಡುವುದೆಂದರೆ ಅದನ್ನು ಅರ್ಧ ಬೇಯಿಸಿಟ್ಟಂತೆ. ಶಹಾಬಾದ್ ಕಲ್ಲು ಹಾಸಿದ ಒಳಕೋಣೆಯ ನೆಲವೇ ಅದಕ್ಕೆ ತಕ್ಕ ಜಾಗ. ಡಬ್ಬಿಯ ಮುಚ್ಚಳ ಬಿಗಿಯಾಗಿರಬೇಕು, ಮಕ್ಕಳ ಕೈಗೆ ಸಿಗದಂತೆ ಪೆಟ್ಟಿಗೆಯೊಳಗಿರಬೇಕು. ಬೆರಳಿಗೆ ಒಡೆಯುವ ಗಂಟಾದರೆ ಜರಡಿ ಹಿಡಿದು ಬಳಸಬಹುದು, ಒಡೆಯದಿದ್ದರೆ ಆ ಪುಡಿ ಹೋಯಿತೆಂದೇ ತಿಳಿಯಬೇಕು.

ವರ್ಕ್‌ಶಾಪಿನ ಗನ್ನಿನಲ್ಲಿಯೂ ಪುಡಿ ಹತ್ತದಿದ್ದರೆ ಗುಂಡನ್ನು ತೂಗುಹಾಕಿದ ಕೊಕ್ಕೆಯನ್ನು ನೋಡಬೇಕು. ಹಿಂದಿನ ಕೆಲಸಗಳ ಬೆಂದ ಬಣ್ಣ ಕೊಕ್ಕೆಯ ಮೇಲೆ ಪದರಗಟ್ಟಿದ್ದರೆ ಗುಂಡಿಗೂ ಭೂಮಿಗೂ ಸಂಪರ್ಕ ತಪ್ಪಿರುತ್ತದೆ. ಕೊಕ್ಕೆಯ ತುದಿಯನ್ನು ಲೋಹ ಕಾಣುವವರೆಗೆ ಕೆರೆದ ಮೇಲೂ ಸರಿಹೋಗದಿದ್ದರೆ ಅರ್ಥಿಂಗನ್ನು ಎಲೆಕ್ಟ್ರಿಷಿಯನ್ ನೋಡಬೇಕು. ಗನ್ನಿನ ತುದಿಯಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆಂಬುದನ್ನು ಮರೆತು ನಾವೇ ತಂತಿಗೆ ಕೈ ಹಾಕಬಾರದು.

ಲಕ್ಷಣ: ಓವನ್ನಿನಲ್ಲಿ ಗುಂಡು ಬೆವರುತ್ತದೆ, ಸೊಟ್ಟಗಾಗುತ್ತದೆ

ಶುದ್ಧ ಸೀಸವು 327 ಡಿಗ್ರಿಯವರೆಗೆ ಕರಗದು. ಪೌಡರ್ ಬಣ್ಣ ಬೇಯುವುದು 180ರಿಂದ 200 ಡಿಗ್ರಿಯಲ್ಲಿ. ಹೀಗಿರುವಾಗ ಗುಂಡಿನ ಮೈಮೇಲೆ ಬೆವರಿನಂತೆ ಹೊಳೆಯುವ ಹನಿಗಳು ಮೂಡಿದರೆ ಓವನ್ನು ಕೆಟ್ಟಿರಬಹುದೆಂದು ಎಲ್ಲರೂ ಊಹಿಸುತ್ತಾರೆ. ಅದಕ್ಕಿಂತ ಮೊದಲು ಗುಜರಿಯನ್ನು ಅನುಮಾನಿಸಬೇಕು.

ಗುಜರಿ ಸೀಸದಲ್ಲಿ ರೇಡಿಯೋ ಮತ್ತು ರೇಡಿಯೇಟರ್ ಬೆಸುಗೆಯ ತವರ ಬೆರೆತಿರುವುದು ಸಾಮಾನ್ಯ. ತವರ ಸುಮಾರು 62 ಪಾಲು, ಸೀಸ ಸುಮಾರು 38 ಪಾಲು ಇರುವ ಮಿಶ್ರಣವು 183 ಡಿಗ್ರಿಗೇ ಕರಗಿ ನೀರಾಗುತ್ತದೆ. ಎರಕದಲ್ಲಿ ಸುಮಾರು ಐದನೆಯ ಒಂದು ಭಾಗಕ್ಕಿಂತ ಹೆಚ್ಚು ತವರವಿದ್ದರೆ, ಗುಂಡಿನ ಬಹುಭಾಗ ಗಟ್ಟಿಯಾಗಿದ್ದರೂ ಈ ಮಿಶ್ರಣವಷ್ಟೇ ಒಳಗಿನಿಂದ ಕರಗಿ ಹೊರಗೆ ಜಿನುಗುತ್ತದೆ. ಅದೇ ಆ ಬೆವರು. ಸೀಸವನ್ನು ಗಟ್ಟಿ ಮಾಡಲು ಬೆರೆಸುವ ಆಂಟಿಮನಿ ಮಾತ್ರ ಇದ್ದರೆ ಈ ತೊಂದರೆಯಿಲ್ಲ. ಸೀಸ ಮತ್ತು ಆಂಟಿಮನಿಯ ಮಿಶ್ರಣ ಕರಗಲು 252 ಡಿಗ್ರಿಯಾದರೂ ಬೇಕು.

ಪರೀಕ್ಷೆ ಸುಲಭ. ಅದೇ ಎರಕದ ಒಂದು ಬರಿ ಗುಂಡನ್ನು ಹಳೆಯ ತಗಡಿನ ಮೇಲಿಟ್ಟು 200 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಬಿಡಬೇಕು, ಪಕ್ಕದಲ್ಲಿ ನಂಬಿಕೆಯ ಶುದ್ಧ ಸೀಸದ ತುಂಡೊಂದು ಇರಲಿ. ಎರಡೂ ಬೆವರಿದರೆ ಓವನ್ನು ತಪ್ಪು ಮಾಡುತ್ತಿದೆ. ಗುಂಡು ಮಾತ್ರ ಬೆವರಿದರೆ ಎರಕದಲ್ಲಿ ತವರವಿದೆ. ತವರ ಬೆರೆತ ಗುಂಡನ್ನು ಎಸೆಯಬೇಕಾಗಿಲ್ಲ, ಬ್ರಷ್ ಬಣ್ಣಕ್ಕೆ ಅದು ಯಾವ ತಕರಾರನ್ನೂ ಮಾಡುವುದಿಲ್ಲ. ಬೆವರದೆ ಬರಿದೆ ತಗ್ಗುಬಿದ್ದರೆ ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿದ್ದೀರಿ ಎಂದಷ್ಟೇ ಅರ್ಥ.

ಕರಗಿಸುವಾಗ ಸೀಸದ ಮೇಲೆ ಅಂಬಲಿಯಂಥ ಗಟ್ಟಿ ಕೆನೆ ತೇಲಿ, ಅಚ್ಚು ತುಂಬದೆ ಗುಂಡುಗಳು ಮೊಂಡಾಗಿ ಬರುತ್ತಿದ್ದರೆ ಅದು ಸತು. ವಾಹನದ ಚಕ್ರಕ್ಕೆ ಬಡಿಯುವ ತೂಕದ ತುಂಡುಗಳಲ್ಲಿ ಕೆಲವು ಸತುವಿನವು. ಸತು ಕರಗಲು 419 ಡಿಗ್ರಿ ಬೇಕಾದ್ದರಿಂದ, ಉರಿಯನ್ನು ಹದದಲ್ಲಿಟ್ಟು ಕರಗದೆ ತೇಲಿದ ತುಂಡುಗಳನ್ನು ತೆಗೆದು ಬಿಸಾಡಬೇಕು.

ಇಲ್ಲಿ ಎರಡು ಕಡೆ ಕೆಲಸ ನಿಲ್ಲಿಸಲೇಬೇಕು. ಒಂದು, ಗುಜರಿ ಒದ್ದೆಯಾಗಿದ್ದರೆ ಅಥವಾ ಒದ್ದೆಯೆಂಬ ಅನುಮಾನವಿದ್ದರೆ: ಕರಗಿದ ಸೀಸದೊಳಗೆ ಒಂದು ಹನಿ ನೀರು ಹೋದರೂ ಅದು ಕ್ಷಣದಲ್ಲಿ ಹಬೆಯಾಗಿ ಸೀಸವನ್ನು ಮುಖಕ್ಕೆ ಸಿಡಿಸುತ್ತದೆ. ತೇವ ಹೀರಿದ ಕಲ್ಲು ಹಾಸಿನ ಮೇಲೆ ಚೆಲ್ಲಿದರೂ ಕಲ್ಲು ಚಕ್ಕೆಯೆದ್ದು ಸಿಡಿಯಬಹುದು. ಎರಡು, ಯಾರಾದರೂ ಹಳೆಯ ಬ್ಯಾಟರಿಯ ಫಲಕಗಳನ್ನು ತಂದುಕೊಟ್ಟರೆ: ಅದರಲ್ಲಿ ಗಂಧಕಾಮ್ಲದ ಶೇಷ, ಸೀಸದ ಸಲ್ಫೇಟ್, ಕೆಲವೊಮ್ಮೆ ಆರ್ಸೆನಿಕ್ ಇರುತ್ತವೆ, ಅದರ ಮಡ್ಡಿಗೆ ತೇವ ತಗುಲಿದರೆ ಆರ್ಸಿನ್ ಎಂಬ ಮಾರಕ ಅನಿಲ ಹುಟ್ಟಬಲ್ಲದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರವೂ ಅವು ಹೋಗಬೇಕಾದದ್ದು ನೋಂದಾಯಿತ ಮರುಬಳಕೆದಾರರ ಬಳಿಗೆ, ಹಿತ್ತಲಿನ ಒಲೆಗಲ್ಲ.

ಲಕ್ಷಣ: ಸೂಜಿಮೊನೆಯಂಥ ತೂತುಗಳು, ಗುಳ್ಳೆಗಳು

ಬಿಡಿಬಿಡಿಯಾಗಿ ತೂತುಗಳಿದ್ದು ಅವುಗಳ ಸುತ್ತ ಲೇಪ ಹಿಂದೆ ಸರಿದು ಮೀನಿನ ಕಣ್ಣಿನಂತೆ ಕಂಡರೆ ಎಣ್ಣೆ. ಮೇಲೆ ಹೇಳಿದಂತೆ ತೊಳೆಯಬೇಕು. ತೂತು ಯಾವಾಗಲೂ ಒಂದೇ ಜಾಗದಲ್ಲಿ, ಅಂದರೆ ಸೀಸ ಹೊಯ್ದ ಬಾಯಿಯ ಕತ್ತರಿಸಿದ ಕಡೆಯಲ್ಲಿದ್ದರೆ, ಎರಕದ ಒಳಗೆ ಪೊಳ್ಳಿದೆ. ಬಿಸಿಯಾದಾಗ ಪೊಳ್ಳಿನ ಗಾಳಿ ಲೇಪವನ್ನು ಚುಚ್ಚಿಕೊಂಡು ಬಂದಿದೆ. ಲೇಪ ಹಾಕುವ ಮೊದಲು ಬರಿ ಗುಂಡುಗಳನ್ನು ಒಮ್ಮೆ 200 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಆರಿಸಿದರೆ ಗಾಳಿಯೂ ತೊಳೆದ ನೀರಿನ ತೇವವೂ ಹೊರಟುಹೋಗುತ್ತವೆ. ಬ್ರಷ್ ಬಣ್ಣದಲ್ಲಿ ಗುಳ್ಳೆ ಎದ್ದರೆ ಬಿಸಿಲಿನಲ್ಲಿ ಕುಳಿತು ಬಳಿದಿದ್ದೀರಿ ಎಂದು ಧಾರಾಳವಾಗಿ ಊಹಿಸಬಹುದು.

ಲಕ್ಷಣ: ಲೇಪ ಉಗುರಿಗೆ ಮೆತ್ತಗಿದೆ, ಅಥವಾ ಗಾಜಿನಂತೆ ಒಡೆಯುತ್ತದೆ

ಡಾಂಬರಾದರೆ ಇದರಲ್ಲಿ ಹುಡುಕುವಂಥದ್ದೇನೂ ಇಲ್ಲ. ನಮ್ಮ ಬೇಸಿಗೆಯಲ್ಲಿ ಅದು ಮೆತ್ತಗಾಗುವುದೇ, ಮರಳು ಹಿಡಿಯುವುದೇ, ಬಲೆಗೆ ಅಂಟುವುದೇ. ಹರಿಗೋಲಿನ ತಳಕ್ಕೆ ಒಪ್ಪುವ ಗುಣ ಗುಂಡಿಗೆ ಒಪ್ಪುವುದಿಲ್ಲ. ಎರಡು ಡಬ್ಬಿಯ ಎಪಾಕ್ಸಿಯು ದಿನ ಕಳೆದರೂ ಅಂಟಂಟಾಗಿದ್ದರೆ ಎರಡರ ಪ್ರಮಾಣ ತಪ್ಪಿದೆ. ಅದು ಕಾಯುವುದರಿಂದ ಸರಿಹೋಗುವುದಿಲ್ಲ, ಒರೆಸಿ ತೆಗೆದು ಮತ್ತೆ ಬಳಿಯಬೇಕು. ಅಂದಹಾಗೆ ಬಣ್ಣದ ಡಬ್ಬಿ ಹಳೆಯದಾಗಿರಬಾರದು: ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಪಾಲು, ಮೀರಬಾರದೆಂಬ 2016ರ ನಿಯಮ ಜಾರಿಯಾದದ್ದು 2017ರ ನವೆಂಬರ್ 1ರಿಂದ. ಸೀಸವನ್ನು ಮುಚ್ಚಲು ಸೀಸದ ಬಣ್ಣವನ್ನೇ ಬಳಿದರೆ ಶ್ರಮವೆಲ್ಲ ವ್ಯರ್ಥ.

ಪೌಡರ್ ಲೇಪದಲ್ಲಿ ಮೆತ್ತಗಿದ್ದರೂ ಪುಡಿಪುಡಿಯಾಗಿ ಒಡೆದರೂ ಹೆಚ್ಚಿನ ಪಾಲು ಕಾರಣ ಒಂದೇ, ಬೇಯುವುದು ಸಾಲದೆ ಹೋದದ್ದು. ತಣ್ಣಗಾದ ಗುಂಡನ್ನು ಅಸಿಟೋನ್ ಅದ್ದಿದ ಹತ್ತಿಯಿಂದ ಇಪ್ಪತ್ತೈದು ಸಲ ಉಜ್ಜಬೇಕು. ಹೊಳಪು ಸ್ವಲ್ಪ ಮಂಕಾದರೆ ಚಿಂತೆಯಿಲ್ಲ. ಲೇಪವೇ ಮೆತ್ತಗಾಗಿ ಹತ್ತಿಗೆ ದಟ್ಟವಾಗಿ ಬಂದರೆ, ಅಥವಾ ಲೋಹ ಕಂಡರೆ, ಬೆಂದಿಲ್ಲ. ಬೇಯದ ಲೇಪವನ್ನು ಕಿತ್ತುಹಾಕಬೇಕಾಗಿಲ್ಲ, ಅಸಿಟೋನ್ ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ಬೇಯಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ.

ಆದರೆ ಬೇಯಲಿಲ್ಲವೇಕೆ? ಪುಡಿಯ ಡಬ್ಬಿಯ ಮೇಲೆ ಬರೆದಿರುವ ಹತ್ತು ಅಥವಾ ಹದಿನೈದು ನಿಮಿಷಗಳು ಲೋಹವು ಆ ಶಾಖಕ್ಕೆ ಬಂದ ಮೇಲಿನ ಲೆಕ್ಕ, ಓವನ್ನಿನ ಬಾಗಿಲು ಮುಚ್ಚಿದ ಮೇಲಿನ ಲೆಕ್ಕವಲ್ಲ. ಎರಡು ಕಿಲೋ ಗುಂಡು ತುಂಬಿದ ತಟ್ಟೆ ಶಾಖಕ್ಕೆ ಬರಲು ಹಿಡಿಯುವ ಸಮಯ ಬೇರೆಯೇ. ಇದರ ಮೇಲೆ ಹಳ್ಳಿಗಳಲ್ಲಿ ಸಂಜೆಯ ವೋಲ್ಟೇಜ್ ಕುಸಿದಾಗ ಓವನ್ನಿನ ಗುಂಡಿ 200ಕ್ಕೆ ತಿರುಗಿಸಿದ್ದರೂ ಒಳಗೆ ಆ ಶಾಖ ಇರುವುದಿಲ್ಲ. ಓವನ್ನಿನೊಳಗಿಡುವ ಸಣ್ಣ ಥರ್ಮಾಮೀಟರು ಅಗ್ಗದ ಉಪಾಯ. ಅದಕ್ಕಿಂತ ನಂಬಿಕಸ್ಥ ಉಪಾಯವೆಂದರೆ ಒಂದು ಗುಂಡಿನ ರಂಧ್ರದೊಳಗೆ ಮಲ್ಟಿಮೀಟರಿನ ಥರ್ಮೋಕಪಲ್ ಎಂಬ ಶಾಖ ಅಳೆಯುವ ತಂತಿಯನ್ನು ಸಿಕ್ಕಿಸಿ ತಟ್ಟೆಯ ನಡುವೆ ಇಡುವುದು. ದೂರದಿಂದ ಕೆಂಪು ಚುಕ್ಕೆ ಬಿಟ್ಟು ಅಳೆಯುವ ಗನ್ನು ಹೊಳೆಯುವ ಸೀಸದ ಮೇಲೆ ನಿಜಕ್ಕಿಂತ ಬಹಳ ಕಡಿಮೆ ಶಾಖ ತೋರಿಸುತ್ತದೆ, ಅದನ್ನು ನಂಬಿ ಉರಿ ಹೆಚ್ಚಿಸಿದವರು ಲೇಪವನ್ನು ಸುಟ್ಟುಕೊಂಡಿದ್ದಾರೆ. ಬಿಳಿ ಲೇಪ ಹಳದಿಗಿಟ್ಟು ಕಂದಾದರೆ ಅದು ಸುಟ್ಟದ್ದರ ಗುರುತು. ಆಗ ಬಾಗಿಲು ತೆರೆದು ಹೊಗೆ ಹೋಗುವವರೆಗೆ ಹೊರಗೆ ನಿಲ್ಲುವುದೇ ಕ್ಷೇಮ.

ಲಕ್ಷಣ: ಎಲ್ಲ ಕಡೆ ಚೆನ್ನಾಗಿದೆ, ರಂಧ್ರದ ಬಾಯಿಯಲ್ಲಿ ಮಾತ್ರ ಸವೆದಿದೆ

ವಿಧಾನಗಳ ನಡುವಿನ ನಿಜವಾದ ಅಂತರ ಕಾಣುವುದು ಇಲ್ಲಿ. ದಾರ ಉಜ್ಜುವುದು ರಂಧ್ರದ ಬಾಯಿಯನ್ನು. ಲೇಪ ತೆಳ್ಳಗಿರುವುದೂ ಅಲ್ಲಿಯೇ. ಗನ್ನಿನಿಂದ ಸಿಂಪಡಿಸಿದ ಪುಡಿ ವಿದ್ಯುತ್ ರೇಖೆಗಳನ್ನು ಹಿಡಿದು ಹೋಗುವುದರಿಂದ ಹೊರಮೈಗೆ ದಟ್ಟವಾಗಿ ಕೂತು ಕಿರಿದಾದ ರಂಧ್ರದೊಳಕ್ಕೆ ಇಳಿಯುವುದಿಲ್ಲ. ಕುಲುಕಿ ಹತ್ತಿಸಿದ ಪುಡಿ ಸ್ವಲ್ಪ ಒಳಗೆ ಹೋಗುತ್ತದೆ, ಎರಡು ಸಲ ಕುಲುಕಿ ಎರಡು ಸಲ ಬೇಯಿಸಿದರೆ ಬಾಯಿಯ ಅಂಚೂ ಮುಚ್ಚುತ್ತದೆ. ಬಿಸಿ ಗುಂಡನ್ನು ಅದ್ದುವ ವಿಧಾನದಲ್ಲಿ ಲೇಪ ಎಲ್ಲಕ್ಕಿಂತ ದಪ್ಪ, ಆದರೆ ರಂಧ್ರವೇ ಮುಚ್ಚಿಹೋಗುವ ತಾಪತ್ರಯ ಅದರದು. ತಂತಿಗೆ ಪೋಣಿಸಿಯೇ ಅದ್ದಿ, ಬೆಂದ ಮೇಲೆ ಪೂರ್ತಿ ಆರುವ ಮುನ್ನ ತಂತಿಯನ್ನು ತಿರುಗಿಸಿ ಬಿಡಿಸಿಕೊಳ್ಳಬೇಕು. ಬ್ರಷ್ ಬಣ್ಣ ರಂಧ್ರದೊಳಗೆ ಧಾರಾಳವಾಗಿ ಹೋಗುತ್ತದೆ, ಆದರೆ ದಾರದ ಉಜ್ಜಾಟಕ್ಕೆ ಒಂದು ಹಂಗಾಮು ತಡೆದರೆ ಹೆಚ್ಚು.

ಯಾವ ಲೇಪವನ್ನು ದೂರುವ ಮೊದಲೂ ರಂಧ್ರದ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು. ಎರಕದ ಚೂಪು ಅಂಚು ಹಾಗೆಯೇ ಉಳಿದಿದ್ದರೆ ಯಾವ ಲೇಪವೂ ನಿಲ್ಲದು, ದಾರವೂ ಬಾಳದು. ದೊಡ್ಡ ಡ್ರಿಲ್ ಬಿಟ್ಟನ್ನು ಕೈಯಲ್ಲಿ ಹಿಡಿದು ಎರಡು ಸುತ್ತು ತಿರುಗಿಸಿದರೆ ಅಂಚು ಮೊಂಡಾಗುತ್ತದೆ. ಉದುರಿದ ಚೂರುಗಳನ್ನು ಮುಚ್ಚಳವಿರುವ ಡಬ್ಬಿಗೆ ಹಾಕಬೇಕು.

ಈಗಾಗಲೇ ಬಲೆಗೆ ಬಿಗಿದಿರುವ ಗುಂಡಿಗೆ ಬ್ರಷ್ ಬಣ್ಣವೊಂದೇ ದಾರಿ. 200 ಡಿಗ್ರಿಯಲ್ಲಿ ನೈಲಾನ್ ದಾರ ತನ್ನ ಬಲವನ್ನೇ ಕಳೆದುಕೊಳ್ಳುತ್ತದೆ. ಹೊಸ ಗುಂಡುಗಳಾದರೆ, ಒಂದು ಮನೆಯ ಬಲೆಗೆ ಸಾಲುವಷ್ಟೇ ಮಾಡುವವರಿಗೆ ಎರಡು ಸಲ ಕುಲುಕಿ ಬೇಯಿಸುವ ವಿಧಾನವೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಗನ್ನಿನ ಲೇಪ ನೋಡಲು ಚೆಂದ, ಆದರೆ ಕಲಬುರಗಿಗೆ ಹೋಗಿಬರುವ ಖರ್ಚಿಗೆ ತಕ್ಕ ಲಾಭ ರಂಧ್ರದ ಬಾಯಿಯಲ್ಲಿ ಕಾಣುವುದಿಲ್ಲ.

ಲಕ್ಷಣ: ಲೇಪದ ಅಡಿಯಲ್ಲಿ ಬಿಳಿ ಬೂಷ್ಟು

ಲೇಪ ಉಬ್ಬಿ, ಒಡೆದು ನೋಡಿದರೆ ಸುಣ್ಣದಂಥ ಬಿಳಿ ಪುಡಿ ಕಂಡರೆ ಗುಂಡನ್ನು ಯಾವುದರಲ್ಲಿ ತೊಳೆದಿರೆಂದು ನೆನಪಿಸಿಕೊಳ್ಳಿ. ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಾಕಿ ಬೆಳಗುವ ಅಭ್ಯಾಸದಿಂದ ಸೀಸಕ್ಕೂ ಹುಣಸೆ, ನಿಂಬೆ, ವಿನೆಗರ್ ಹಾಕುವವರಿದ್ದಾರೆ. ಹುಳಿಯು ಸೀಸವನ್ನು ತಿಂದು ಅದರ ಲವಣಗಳನ್ನು ಉಂಟುಮಾಡುತ್ತದೆ. ವಿನೆಗರಿನಿಂದ ಹುಟ್ಟುವ ಲವಣ ನೀರಿನಲ್ಲಿ ಕರಗುವಂಥದ್ದು, ಸೀಸದ ಗಟ್ಟಿಗಿಂತ ಹೆಚ್ಚು ಅಪಾಯದ್ದು. ಸ್ವಲ್ಪ ಶೇಷ ಉಳಿದರೂ ಅದು ಗಾಳಿಯ ಇಂಗಾಲಾಮ್ಲದೊಡನೆ ಸೇರಿ ಲೇಪದಡಿಯಲ್ಲಿ ಬಿಳಿ ಪುಡಿಯಾಗಿ ಬೆಳೆಯುತ್ತದೆ. ಇಂಥ ಗುಂಡುಗಳಿಗೆ ಮತ್ತೆ ಲೇಪ ಹಾಕುವ ಪ್ರಯತ್ನ ಬೇಡ. ಲೇಪ ಸುಡಲು ಬೆಂಕಿಗೆ ಹಾಕುವುದಂತೂ ಬೇಡವೇ ಬೇಡ. ಒದ್ದೆಯಾಗಿರುವಾಗಲೇ ಮುಚ್ಚಳದ ಡಬ್ಬಿಗೆ ಹಾಕಿ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಬೇಕು. ಅವರು ಯಾರೆಂಬುದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಬಹುದು. ತಿಪ್ಪೆಗೆ ಹಾಕಿದ ಸೀಸ ಗೊಬ್ಬರದೊಡನೆ ಹೊಲಕ್ಕೆ ಹೋಗುತ್ತದೆ.

ಲಕ್ಷಣ ಗುಂಡಿನಲ್ಲಲ್ಲ, ಮನುಷ್ಯರಲ್ಲಿ ಕಂಡರೆ

ಎರಕ ಹೊಯ್ಯುವವರಿಗೆ ಕಾರಣವಿಲ್ಲದೆ ಹೊಟ್ಟೆ ಹಿಂಡಿದಂತಾಗುವುದು, ಮಲಬದ್ಧತೆ, ತಲೆನೋವು, ಬಾಯಲ್ಲಿ ಲೋಹದ ರುಚಿ, ಮಣಿಕಟ್ಟು ಸೋಲುವುದು ಇವುಗಳಲ್ಲಿ ಯಾವುದು ಮರುಕಳಿಸುತ್ತಿದ್ದರೂ ಕೆಲಸ ಅಲ್ಲಿಗೇ ನಿಲ್ಲಬೇಕು. ಮಕ್ಕಳಲ್ಲಿ ಲಕ್ಷಣ ಇಷ್ಟು ಸ್ಪಷ್ಟವಾಗಿರುವುದಿಲ್ಲ: ರಕ್ತಹೀನತೆ, ಹಸಿವಿಲ್ಲದಿರುವುದು, ಸಿಡುಕು, ಕಲಿಕೆಯಲ್ಲಿ ಹಿಂದೆ ಬೀಳುವುದು. ಇವೆಲ್ಲಕ್ಕೂ ಬೇರೆ ಕಾರಣಗಳೂ ಇರುವುದರಿಂದ, ಮನೆಯಲ್ಲಿ ಸೀಸದ ಕೆಲಸ ನಡೆಯುತ್ತದೆಂಬ ಮಾತನ್ನು ವೈದ್ಯರಿಗೆ ನಾವೇ ಬಾಯಿಬಿಟ್ಟು ಹೇಳಬೇಕು, ಇಲ್ಲವಾದರೆ ಅವರಿಗೆ ಹೊಳೆಯುವ ಸಾಧ್ಯತೆ ಕಡಿಮೆ.

ರಕ್ತದಲ್ಲಿ ಸೀಸದ ಮಟ್ಟ ಎಷ್ಟಿದೆಯೆಂಬ ಪರೀಕ್ಷೆಯೊಂದೇ ಅನುಮಾನ ಪರಿಹರಿಸುವಂಥದ್ದು. ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೀಸದ ಮೂಲವನ್ನು ಹುಡುಕಿ ದೂರ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ನಿರಪಾಯವೆಂದು ಅದು ಹೇಳುವುದಿಲ್ಲ. ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ, ಅಂದರೆ ಕಲಬುರಗಿಯ ಗಿಮ್ಸ್, ಬೀದರಿನ ಬ್ರಿಮ್ಸ್ ಅಥವಾ ಯಾದಗಿರಿಯ ಯಿಮ್ಸ್‌ನಲ್ಲಿ, ಈ ಪರೀಕ್ಷೆ ಅಲ್ಲಿಯೇ ಆಗುವುದೋ ಅಥವಾ ಮಾದರಿಯನ್ನು ಹೊರಗೆ ಕಳಿಸಬೇಕೋ ಎಂದು ವಿಚಾರಿಸಬೇಕು. ಸೀಸ ಇಳಿಸುತ್ತದೆಂದು ಯಾರೋ ಕೊಟ್ಟ ಭಸ್ಮವನ್ನೋ ಗುಳಿಗೆಯನ್ನೋ ಅಷ್ಟರಲ್ಲಿ ನುಂಗಬಾರದು. ಕೆಲವು ಭಸ್ಮಗಳಲ್ಲಿ ಸೀಸವೇ ಇರುವುದುಂಟು. ಪರೀಕ್ಷೆಯ ಫಲ ಬರುವವರೆಗೆ ಬಲೆಯನ್ನು ಅಂಗಳದಿಂದ ತೆಗೆದು, ಮಕ್ಕಳು ಹೋಗದ ಕಡೆ ಒಣಹಾಕಬೇಕು.